ಗುಂಡಿ ತುಂಬಿದ ಮೇಲೆ

ಒಳಚರಂಡಿ, ವಿದ್ಯುತ್ತು, ನಲ್ಲಿ ನೀರು, ವಾಹನ ಹೋಗುವ ರಸ್ತೆ ಇವು ಯಾವುವೂ ಇಲ್ಲದ ಜಾಗದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಬೇಕಾಗಿ ಬಂದಾಗ, ಅದು ಪಶ್ಚಿಮಘಟ್ಟದ ಚಾರಣದ ಹಾದಿಯಾಗಿರಲಿ, ಮಲೆ ಮಹದೇಶ್ವರ ಬೆಟ್ಟಕ್ಕೆ ಭಕ್ತರು ಕಾಡಿನ ನಡುವೆ ನಡೆದು ಹೋಗುವ ದಾರಿಯಾಗಿರಲಿ, ವರ್ಷದಲ್ಲಿ ಕೆಲವೇ ದಿನ ತುಂಬಿ ತುಳುಕಿ ಉಳಿದಂತೆ ಬಣಗುಡುವ ಜಾತ್ರೆಯ ಬಯಲಾಗಿರಲಿ, ಯೋಜನೆ ರೂಪಿಸುವವರಿಂದ ಹಿಡಿದು ಬಳಸುವವರವರೆಗೆ ಬಹುತೇಕ ಎಲ್ಲರೂ ಒಪ್ಪಿಕೊಂಡು ಬಂದಿರುವ ಅಭಿಪ್ರಾಯ ಒಂದೇ. ನೀರು ಸುರಿದು ತೊಳೆದುಬಿಡುವ ಶೌಚಾಲಯವೇ ನಿಜವಾದ ಶೌಚಾಲಯ, ಉಳಿದದ್ದೆಲ್ಲ ಹಳೆಯ ಕಾಲದ ಕಕ್ಕಸು ಎಂಬುದು ಆ ಅಭಿಪ್ರಾಯ. ಪಟ್ಟಣದಲ್ಲಿ ಇದು ಒಂದು ಮಟ್ಟಿಗೆ ಸರಿಯಿದ್ದೀತು. ಆದರೆ ಸೇವೆಯೇ ತಲುಪದ ಜಾಗಕ್ಕೆ ಇದನ್ನು ಹಾಗೆಯೇ ಹೊತ್ತುಕೊಂಡು ಹೋಗುವುದು ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದು. ಏಕೆಂದರೆ ಅಲ್ಲಿ ನೀರು ಮಲವನ್ನು ಇಲ್ಲವಾಗಿಸುವುದಿಲ್ಲ, ನಿಭಾಯಿಸಬಹುದಾದ ಒಂದು ವಸ್ತುವನ್ನು ನಿಭಾಯಿಸಲಾಗದ ವಸ್ತುವನ್ನಾಗಿ ಮಾಡುತ್ತದೆ.

ಇಂಥ ಕಡೆ ಸಾಮಾನ್ಯವಾಗಿ ಕಟ್ಟುವುದು ಸೆಪ್ಟಿಕ್ ಟ್ಯಾಂಕ್. ನೆಲದೊಳಗೆ ಹೂತ ಎರಡು ಕೋಣೆಗಳ ಈ ತೊಟ್ಟಿಯಲ್ಲಿ ಗಟ್ಟಿ ಪದಾರ್ಥ ಅಡಿಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಕ್ಕೆ ಹರಿದು ಇಂಗುಗುಂಡಿಯನ್ನು, ಎಂದರೆ ಕಲ್ಲು ಇಟ್ಟಿಗೆ ತುಂಬಿದ, ತಳವಿಲ್ಲದ ಹಳ್ಳವನ್ನು ಸೇರುತ್ತದೆ. ಹಾಗೆ ಹೊರಹೋಗುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳು ಧಾರಾಳವಾಗಿಯೇ ಉಳಿದಿರುತ್ತವೆ. ತೊಟ್ಟಿಯ ಅಡಿಯ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಯಲೇಬೇಕು, ತೆಗೆಯದಿದ್ದರೆ ಕೆಸರೇ ನೀರಿನ ಜೊತೆ ಹೊರಗೆ ನುಗ್ಗುತ್ತದೆ. ತೊಟ್ಟಿಯೆಂಬುದು ಒಂದು ಸರಪಳಿಯ ಮೊದಲ ಕೊಂಡಿ ಮಾತ್ರ. ಮುಂದಿನ ಕೊಂಡಿಗಳು ಮಲ ಹೀರುವ ಟ್ಯಾಂಕರು, ಆ ಟ್ಯಾಂಕರು ಬರಲು ರಸ್ತೆ, ತುಂಬಿಕೊಂಡದ್ದನ್ನು ಸುರಿಯಲು ಒಂದು ಸಂಸ್ಕರಣಾ ಘಟಕ. 2015ರಲ್ಲಿ ದೇವನಹಳ್ಳಿಯಲ್ಲಿ ಮಲದ ಕೆಸರಿಗೆಂದೇ ಒಂದು ಘಟಕ ಆರಂಭವಾದದ್ದು ದೇಶದಲ್ಲೇ ಗಮನ ಸೆಳೆದ ಸುದ್ದಿಯಾಗಿತ್ತು ಎಂಬುದನ್ನು ನೆನೆದರೆ, ಪಟ್ಟಣಗಳಲ್ಲಿಯೇ ಈ ಕೊನೆಯ ಕೊಂಡಿ ಎಷ್ಟು ಕಾಲ ಇಲ್ಲದೆ ಇತ್ತೆಂಬುದು ತಿಳಿಯುತ್ತದೆ. ಬೆಟ್ಟದ ನೆತ್ತಿಯ ಶೌಚಾಲಯದಲ್ಲಿ ಮೊದಲ ಕೊಂಡಿಯೊಂದೇ ಇರುತ್ತದೆ. ಹೀರುವ ಯಂತ್ರವನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ ಕೊಳವೆಯನ್ನು ಉದ್ದವಾಗಿ ಎಳೆದರಾಯಿತು ಎಂದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ಅಂತರವೆಂಬುದು ಕೊಳವೆಯ ಅಳವನ್ನೂ ಮೀರಿದ್ದು. ತೊಟ್ಟಿಗಿಂತ ಎತ್ತರದಲ್ಲಿ ರಸ್ತೆ ಇದ್ದರಂತೂ ವಾಯುಮಂಡಲದ ಒತ್ತಡ ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು ಎಂಬ ನಿಯಮವೇ ಅಡ್ಡ ಬರುತ್ತದೆ.

ಒಂದು ಸಣ್ಣ ಲೆಕ್ಕ ಈ ಮಾತನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ದಿನಕ್ಕೆ 200 ಮಂದಿ ಬಳಸುವ ಒಂದು ಶೌಚಾಲಯವಿದೆಯೆಂದೂ ಅವರಲ್ಲಿ ಕಾಲುಭಾಗದವರು ಮಾತ್ರ ಮಲವಿಸರ್ಜನೆಗೆ ಬಂದವರೆಂದೂ ಇಟ್ಟುಕೊಳ್ಳೋಣ. ಒಬ್ಬರಿಗೆ 300 ಮಿಲಿಲೀಟರಿನಂತೆ ಮೂತ್ರ 60 ಲೀಟರು, ಒಬ್ಬರಿಗೆ 150 ಗ್ರಾಮಿನಂತೆ ಮಲ ಏಳೂವರೆ ಕಿಲೋ. ಇವರೆಲ್ಲ ತಲಾ ಮೂರು ಲೀಟರು ನೀರು ಸುರಿದರೂ (ಅದು ಕೈಯಿಂದ ಸುರಿಯುವವರ ಲೆಕ್ಕ, ಸಿಸ್ಟರ್ನ್ ಇದ್ದರೆ ಅದರ ಎರಡರಷ್ಟು ಮೂರರಷ್ಟು ಆಗುತ್ತದೆ) ಸಂಜೆಯ ಹೊತ್ತಿಗೆ ಗುಂಡಿಗೆ ಇಳಿದದ್ದು 670 ಲೀಟರಿಗೆ ಹತ್ತಿರದ ಕೊಳಚೆ. ನೀರನ್ನು ದೂರವಿಟ್ಟು ಮೂತ್ರವನ್ನು ಬೇರೆ ದಾರಿಗೆ ತಿರುಗಿಸಿದ್ದರೆ ಉಳಿಯುತ್ತಿದ್ದುದು ಆ ಏಳೂವರೆ ಕಿಲೋ ಮಾತ್ರ. ಅದರಲ್ಲೂ ಮುಕ್ಕಾಲು ಪಾಲು ತೇವಾಂಶವಾದ್ದರಿಂದ ಗಾಳಿಗೆ ಒಣಗಿದ ಮೇಲೆ ನಿಲ್ಲುವುದು ಎರಡು ಕಿಲೋ. ಒಂದು ತಿಂಗಳಿಗೆ ಒಂದು ಕಡೆ ಇಪ್ಪತ್ತು ಸಾವಿರ ಲೀಟರು, ಇನ್ನೊಂದು ಕಡೆ 60 ಕಿಲೋ ಮತ್ತು ಅದರ ಮೇಲೆ ಎರಚಿದ ಬೂದಿಯೋ ಹೊಟ್ಟೋ. ಮೊದಲನೆಯದನ್ನು ಯಾವ ಮನುಷ್ಯನೂ ಯಾವ ಪ್ರಾಣಿಯೂ ಬೆಟ್ಟದಿಂದ ಇಳಿಸಲಾಗದು. ಎರಡನೆಯದನ್ನು ಇಳಿಸಬೇಕಾದ ಅಗತ್ಯವೇ ಹೆಚ್ಚಿನ ಕಡೆ ಬರುವುದಿಲ್ಲ.

ನೀರಿನ ಶೌಚಾಲಯದ ಪಕ್ಷದವರು ಈ ಲೆಕ್ಕವನ್ನು ಕೇಳುವ ಮೊದಲೇ ಅಲ್ಲಿ ನೀರು ಇರುತ್ತದೆ ಎಂದು ಊಹಿಸಿಕೊಂಡಿರುತ್ತಾರೆ. ವಾಸ್ತವದಲ್ಲಿ ನಡೆಯುವುದು ಬೇರೆ. ಉದ್ಘಾಟನೆಯ ದಿನ ಟ್ಯಾಂಕರಿನಿಂದ ತುಂಬಿಸಿದ ಕಪ್ಪು ಸಿಂಟೆಕ್ಸ್ ತೊಟ್ಟಿ ಆ ವಾರದಲ್ಲೇ ಬರಿದಾಗುತ್ತದೆ. ಆಮೇಲೆ ಬಂದವರು ಕುಡಿಯುವ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಸುರಿದು ನೋಡುತ್ತಾರೆ, ಅದು ಸಾಲದೆ ಬಿಳಿ ಬೇಸಿನ್ನಿನ ಬಾಗಿದ ಕೊಳವೆ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ಮತ್ತೊಬ್ಬರು, ಅವರ ಮೇಲೆ ಇನ್ನೊಬ್ಬರು. ನೀರಿನ ಬೀಗ ಎಂದು ಕರೆಯುವ ಆ ಬಾಗಿದ ಕೊಳವೆ, ಗುಂಡಿಯ ವಾಸನೆ ಮೇಲೆ ಬರದಂತೆ ಒಂದಿಷ್ಟು ನೀರನ್ನು ಸದಾ ಹಿಡಿದಿಡಲು ಮಾಡಿದ್ದು. ನೀರಿಲ್ಲದಾಗ ಅದೇ ಅಡ್ಡಗಟ್ಟೆಯಾಗುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ, ಕಟ್ಟಡದ ಹಿಂಬದಿ ಬಯಲು ಶೌಚದ ಜಾಗವಾಗಿರುತ್ತದೆ. ಈ ಬೀಗವನ್ನು ಕಂಡಾಗಲೆಲ್ಲ ಜನರಿಗೆ ಶಿಸ್ತಿಲ್ಲ ಎಂಬ ಮಾತು ಕೇಳಿಬರುತ್ತದೆ. ಬಟ್ಟೆ ಎತ್ತಿ ಹಿಡಿದು ಆ ಬಾಗಿಲ ಬಳಿ ನಿಂತು ಹಿಂತಿರುಗಿದ ಹೆಣ್ಣುಮಗಳ ಮೇಲೆ ಆ ಮಾತನ್ನು ಹೊರಿಸುವುದು ಅನ್ಯಾಯ, ಏಕೆಂದರೆ ಸೋತದ್ದು ಅವಳ ಶಿಸ್ತಲ್ಲ, ಆ ಜಾಗಕ್ಕೆ ಹೊಂದದ ನಕ್ಷೆ.

ಹಾಗೊಮ್ಮೆ ನೀರು ಇದ್ದೇ ಬಿಟ್ಟರೆ ಪರಿಣಾಮ ಇನ್ನೂ ದೂರ ಹೋಗುತ್ತದೆ. ಘಟ್ಟದ ಜಂಬಿಟ್ಟಿಗೆ ನೆಲ ರಂಧ್ರಮಯವಾದದ್ದು, ಅದರಡಿಯ ಬಂಡೆಯಲ್ಲಿ ಬಿರುಕುಗಳಿರುತ್ತವೆ. ಬಾವಿಗೂ ಗುಂಡಿಗೂ ನಡುವೆ ಹತ್ತು ಹದಿನೈದು ಮೀಟರು ಅಂತರವಿದ್ದರೆ ಸಾಕೆಂಬ ಬಯಲುಸೀಮೆಯ ಸೂತ್ರ ಬಿರುಕು ಬಂಡೆಯಲ್ಲಿ ನಡೆಯುವುದಿಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಸುರಿಯುವಾಗ ನೆಲದೊಳಗಿನ ಗುಂಡಿ ಆಷಾಢದಲ್ಲಿ ಒರತೆಯಂತೆ ತುಂಬಿ ಮೇಲೆ ಬರುತ್ತದೆ. ಕುಮಾರ ಪರ್ವತದ ಇಳಿಜಾರಿನ ನೀರು ಕುಮಾರಧಾರೆಗೆ ಇಳಿಯುತ್ತದೆ, ಸುಬ್ರಹ್ಮಣ್ಯದಲ್ಲಿ ಭಕ್ತರು ಮೀಯುವುದು ಆ ಹೊಳೆಯಲ್ಲಿಯೇ, ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡುತ್ತದೆ, ತುಂಬೆಯ ಅಣೆಕಟ್ಟಿನಿಂದ ಮಂಗಳೂರು ಕುಡಿಯುವುದು ಆ ನೇತ್ರಾವತಿಯನ್ನು. 2024ರ ಜನವರಿಯಲ್ಲಿ ಅದೇ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ನೆರೆದ ದೃಶ್ಯಗಳು ಎಲ್ಲೆಡೆ ಹರಿದಾಡಿ, ಚಾರಣಕ್ಕೆ ಆನ್‌ಲೈನ್ ಕಾಯ್ದಿರಿಸುವಿಕೆಯ ಕಟ್ಟುಪಾಡು ಬಂತು. ಅಂದು ಕಸದ ಬಗ್ಗೆ, ಜನದಟ್ಟಣೆಯ ಬಗ್ಗೆ ಬಹಳ ಮಾತಾಯಿತು. ಅಷ್ಟು ಜನರ ದೇಹಬಾಧೆ ಎಲ್ಲಿ ತೀರಿತು ಎಂಬ ಪ್ರಶ್ನೆಗೆ ಅದರಲ್ಲಿ ಸಿಕ್ಕ ಪಾಲು ತೀರ ಸಣ್ಣದು.

ಇನ್ನು ನೀರಿನ ಶೌಚಾಲಯದ ಪಕ್ಷದವರ ಅತ್ಯಂತ ಬಲವಾದ ವಾದಕ್ಕೆ ಬರಬೇಕು. ನೀರಿಲ್ಲದ ಶೌಚಾಲಯವೆಂದರೆ ಮಲ ಹೊರುವ ಪದ್ಧತಿಗೆ ಬಾಗಿಲು ತೆರೆದಂತೆ, ನೀರು ಬಂದದ್ದರಿಂದಲೇ ಒಂದು ಜಾತಿಯ ತಲೆಯ ಮೇಲಿನ ಬುಟ್ಟಿ ಇಳಿಯಿತು ಎಂಬುದು ಆ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಪಾದ್ರಿ ಹೆನ್ರಿ ಮೌಲ್ 1860ರಲ್ಲಿ ಪೇಟೆಂಟು ಪಡೆದ ಒಣಮಣ್ಣಿನ ಕಕ್ಕಸು ಬ್ರಿಟಿಷರ ಭಾರತದ ಸೆರೆಮನೆಗಳಿಗೂ ದಂಡುಪ್ರದೇಶಗಳಿಗೂ ಬಂದಾಗ ಅದು ನಡೆದದ್ದು ಮಣ್ಣಿನ ಗುಣದಿಂದಲ್ಲ, ಪ್ರತಿದಿನ ಬೆಳಗ್ಗೆ ಅದನ್ನು ಬಳಿದು ಹೊತ್ತೊಯ್ಯುತ್ತಿದ್ದವರ ದುಡಿಮೆಯಿಂದ. ಕರ್ನಾಟಕದಲ್ಲಿ ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಈ ನಾಡಿನ ದೊಡ್ಡ ಹೆಜ್ಜೆಗಳಲ್ಲಿ ಒಂದು. ಅದರ ನಂತರವೂ ಪದ್ಧತಿ ಉಳಿದುಕೊಂಡಿತ್ತು ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಹುಟ್ಟಿ, ಅಲ್ಲಿನ ಒಣ ಕಕ್ಕಸುಗಳ ವಿರುದ್ಧ ಹೋರಾಟಕ್ಕಿಳಿದ ಬೆಜವಾಡ ವಿಲ್ಸನ್ ಅವರ ಬದುಕೇ ಸಾಕ್ಷಿ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ ನೆನಪು ಇನ್ನೂ ಹಸಿಯಾಗಿದೆ. ಈ ಇತಿಹಾಸವಿರುವ ನಾಡಿನಲ್ಲಿ ಒಣ ಶೌಚಾಲಯ ಎಂಬ ಮಾತು ಕಿವಿಗೆ ಬಿದ್ದೊಡನೆ ಮೈ ಜುಮ್ಮೆನ್ನುವುದು ಸಹಜ.

ಆದರೆ ಆ ಕ್ರೌರ್ಯದ ಬೇರು ಎಲ್ಲಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಬುಟ್ಟಿಯಲ್ಲಿದ್ದದ್ದು ಹಸಿ ಮಲ, ಹಿಂದಿನ ರಾತ್ರಿಯದು. ಅದನ್ನು ಕೊಳೆಯಲು ಬಿಡುವಷ್ಟು ಜಾಗವನ್ನೂ ಕಾಲವನ್ನೂ ಕೊಡದೆ, ಇನ್ನೊಬ್ಬ ಮನುಷ್ಯನ ಕೈಯನ್ನೇ ಸಲಕರಣೆಯಾಗಿ ಮಾಡಿಕೊಂಡದ್ದು ಆ ವ್ಯವಸ್ಥೆಯ ಅಪರಾಧ. ಕಾಯ್ದೆಯೂ ನಿಧಾನವಾಗಿ ಇದೇ ತಿಳಿವಳಿಕೆಗೆ ಬಂದಿದೆ. 1993ರ ಕೇಂದ್ರ ಕಾಯ್ದೆ ಒಣ ಕಕ್ಕಸನ್ನು ನಿರೂಪಿಸಿದ್ದು ನೀರಿನ ಬೀಗ ಇಲ್ಲದ ಕಕ್ಕಸು ಎಂದು. ಅಲ್ಲಿ ಗಡಿರೇಖೆ ನೀರೇ ಆಗಿತ್ತು. 2013ರ ಕಾಯ್ದೆ ಆ ರೇಖೆಯನ್ನು ಅಳಿಸಿ, ಮಲವು ಪೂರ್ತಿ ಕೊಳೆತು ಮಾರ್ಪಡುವ ಮೊದಲೇ ಅದನ್ನು ಕೈಯಿಂದ ತೆಗೆಯಬೇಕಾಗಿ ಬರುವ ಕಕ್ಕಸು ಯಾವುದೋ ಅದು ಅನೈರ್ಮಲ್ಯದ್ದು ಎಂದು ಹೊಸ ರೇಖೆ ಎಳೆಯಿತು. ಹೀಗೆ ನೀರಿದೆಯೇ ಎಂಬ ಪ್ರಶ್ನೆಯ ಜಾಗಕ್ಕೆ ಕಾಲ ಕೊಟ್ಟಿದೆಯೇ ಎಂಬ ಪ್ರಶ್ನೆ ಬಂತು. ನೀರಿನ ಶೌಚಾಲಯವನ್ನು ಎತ್ತಿಹಿಡಿಯುವವರು ಇಂದಿಗೂ 1993ರ ನಿರೂಪಣೆಯಲ್ಲಿಯೇ ನಿಂತಿದ್ದಾರೆ.

ನೀರು ಬಿಡುಗಡೆ ತಂದಿತು ಎಂಬ ಮಾತಿನ ಇನ್ನೊಂದು ಮುಖವನ್ನೂ ನೋಡಬೇಕು. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗಿರುವುದು ಆಮ್ಲಜನಕವಿಲ್ಲದ ಗಾಳಿ, ಮೀಥೇನ್, ಮತ್ತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಈ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆಯಾದರೂ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಲ್ಲುವುದರಿಂದ ಒಳಗಿಳಿದವನಿಗೆ ಅಪಾಯದ ಸುಳಿವೂ ಸಿಗುವುದಿಲ್ಲ. ಮೊದಲು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಬೇಕಾಯಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಟ್ಯಾಂಕರು ಬರಲಾಗದ ಬೆಟ್ಟದ ಮೇಲಿನ ತೊಟ್ಟಿ ತುಂಬಿದ ದಿನ ಅದಕ್ಕೆ ಇಳಿಯುವವರು ಯಾರು? ನೀರಿನ ಶೌಚಾಲಯದ ನಕ್ಷೆ ಈ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನಿರುವುದರಿಂದ, ಉತ್ತರವನ್ನು ಹಳೆಯ ಜಾತಿವ್ಯವಸ್ಥೆಯೇ ಹೇಳುತ್ತದೆ. ಬುಟ್ಟಿಯಿಂದ ಬಿಡಿಸಿದವರನ್ನು ಗುಂಡಿಗೆ ಇಳಿಸುವುದಕ್ಕೆ ಘನತೆ ಎಂಬ ಹೆಸರು ಸಲ್ಲದು.

ಕಾಲವೇ ಮಲವನ್ನು ನಿರುಪದ್ರವಿಯಾಗಿಸುತ್ತದೆ ಎಂಬುದು ಹೊಸ ಮಾತೂ ಅಲ್ಲ. ಬಿಂದೇಶ್ವರ ಪಾಠಕ್ ಅವರ ಸುಲಭ್ ಸಂಸ್ಥೆ ಪ್ರಚಾರಕ್ಕೆ ತಂದ ಜೋಡಿಗುಂಡಿಯ ತತ್ವ ಇದೇ: ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ಬಳಸುವುದು, ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಗೊಬ್ಬರವಾಗಿರುವುದು. 2017ರಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಅಂಥ ಗುಂಡಿಗೆ ಸ್ವತಃ ಇಳಿದು ಗೊಬ್ಬರವನ್ನು ತೆಗೆದು ತೋರಿಸಿದರು. ಮನೆಯ ಹಿತ್ತಿಲಿಗೆ, ನೀರು ಬೇಗ ಇಂಗುವ ಬಯಲುಸೀಮೆಯ ಮಣ್ಣಿಗೆ ಜೋಡಿಗುಂಡಿ ಒಳ್ಳೆಯದು. ಹೊಳೆಯ ದಂಡೆಗೆ, ಬಂಡೆಯ ನೆತ್ತಿಗೆ, ಮಳೆಗಾಲದ ಮಲೆನಾಡಿಗೆ ಅದರ ತತ್ವವನ್ನು ಉಳಿಸಿಕೊಂಡು ಗುಂಡಿಯನ್ನು ನೆಲದ ಮೇಲಕ್ಕೆ ತರಬೇಕು, ನೀರನ್ನು ಅದರಿಂದ ಹೊರಗಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ, 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ಕಡೆ ಒಂದು ವರ್ಷಕ್ಕೂ ಮೇಲ್ಪಟ್ಟು, ಅದಕ್ಕಿಂತ ತಂಪಾದ ಕಡೆ ಒಂದೂವರೆಯಿಂದ ಎರಡು ವರ್ಷ ಮಲವನ್ನು ಮುಟ್ಟದೆ ಇಡಬೇಕೆಂದು ಹೇಳುತ್ತದೆ. ಜಂತುಹುಳುವಿನ ಗಟ್ಟಿ ಕವಚದ ಮೊಟ್ಟೆಗಳು ಉಳಿದೆಲ್ಲ ರೋಗಾಣುಗಳಿಗಿಂತ ಹೆಚ್ಚು ಕಾಲ ಬಾಳುವುದರಿಂದ ಇಷ್ಟು ದೀರ್ಘ ಅವಧಿ ಬೇಕಾಗುತ್ತದೆ.

ಲಡಾಖಿನ ಜನ ಈ ತಿಳಿವಳಿಕೆಯನ್ನು ಮನೆಯಾಗಿಯೇ ಕಟ್ಟಿದ್ದಾರೆ. ಅಲ್ಲಿನ ಸಾಂಪ್ರದಾಯಿಕ ಶೌಚಾಲಯ ಮೇಲಂತಸ್ತಿನ ಒಂದು ಪುಟ್ಟ ಕೋಣೆ. ಮಣ್ಣಿನ ನೆಲದ ನಡುವೆ ಒಂದು ಉದ್ದನೆಯ ಕಂಡಿ, ಮೂಲೆಯಲ್ಲಿ ಒಣಮಣ್ಣಿನ ರಾಶಿ, ಅದಕ್ಕೆ ಒರಗಿಸಿಟ್ಟ ಒಂದು ಸನಿಕೆ. ಬಳಸಿದವರು ಒಂದೆರಡು ಸನಿಕೆ ಮಣ್ಣನ್ನು ಕಂಡಿಯೊಳಗೆ ನೂಕಿ ಹೊರಬರುತ್ತಾರೆ. ಕೆಳಗಿನ ಕತ್ತಲೆಯ ಕೋಣೆಗೆ ಹೊರಗಿನಿಂದ ಒಂದು ಬಾಗಿಲು, ಬಿತ್ತನೆಯ ಕಾಲಕ್ಕೆ ಅದನ್ನು ತೆರೆದು ಗೊಬ್ಬರವನ್ನು ಬಾರ್ಲಿಯ ಹೊಲಕ್ಕೆ ಒಯ್ಯುತ್ತಾರೆ. ವರ್ಷಕ್ಕೆ ಸುಮಾರು 100 ಮಿಲಿಮೀಟರು ಮಳೆ ಬೀಳುವ, ಚಳಿಗಾಲದಲ್ಲಿ ಕೊಳವೆಗಳೆಲ್ಲ ಹೆಪ್ಪುಗಟ್ಟುವ ಆ ನೆಲದಲ್ಲಿ ಇದಕ್ಕಿಂತ ವಿವೇಕದ ಏರ್ಪಾಡು ಇರಲಾರದು. ಪ್ರವಾಸಿಗರ ಸಂಖ್ಯೆ ಏರಿ ಲೇಹ್ ಪಟ್ಟಣದ ವಸತಿಗೃಹಗಳು ಫ್ಲಶ್ ಶೌಚಾಲಯಕ್ಕೆ ಹೊರಳಿದ ಮೇಲೆ ಕೊಳವೆಬಾವಿಗಳು ಹೆಚ್ಚಿದವು, ಅವುಗಳ ಪಕ್ಕದಲ್ಲೇ ಇಂಗುಗುಂಡಿಗಳೂ ಹೆಚ್ಚಿದವು, 2017ರಲ್ಲಿ ಮಲದ ಕೆಸರಿಗಾಗಿ ಒಂದು ಸಂಸ್ಕರಣಾ ಘಟಕವನ್ನು ತೆರೆಯಬೇಕಾಯಿತು. ಇಲ್ಲದ ಸಮಸ್ಯೆಯೊಂದನ್ನು ನೀರಿನ ಮೂಲಕ ತಂದುಕೊಂಡು ಆಮೇಲೆ ಅದಕ್ಕೆ ಯಂತ್ರ ಹುಡುಕಿದಂತಾಯಿತು.

ಕನ್ನಡ ನಾಡಿಗೆ ಇದು ಪರಕೀಯವೇನಲ್ಲ. ಮಲೆನಾಡಿನ ಕೊಟ್ಟಿಗೆಯಲ್ಲಿ ದನದ ಕಾಲಡಿ ದಿನವೂ ದರಗು ಹಾಸುತ್ತಾರೆ, ಸೊಪ್ಪು ಹಾಸುತ್ತಾರೆ. ಗಂಜಲವನ್ನು ಅದು ಹೀರಿಕೊಳ್ಳುತ್ತದೆ, ಸಗಣಿಯ ಜೊತೆ ಬೆರೆತು ಗೊಬ್ಬರಗುಂಡಿಯಲ್ಲಿ ಕಳಿತು ಅಡಿಕೆಯ ಬುಡ ಸೇರುತ್ತದೆ. ಒಣ ಎಲೆಯ ಇಂಗಾಲವೂ ಗಂಜಲದ ಸಾರಜನಕವೂ ಹದವಾಗಿ ಕೂಡಿದಾಗ ಮಾತ್ರ ಸೂಕ್ಷ್ಮಜೀವಿಗಳು ವಾಸನೆಯಿಲ್ಲದೆ ಕೆಲಸ ಮಾಡುತ್ತವೆ ಎಂಬ ವಿಜ್ಞಾನವನ್ನು ಆ ಹಾಸು ಹೆಸರಿಡದೆ ಪಾಲಿಸುತ್ತದೆ. ಕೊಟ್ಟಿಗೆಗೆ ಯಾರೂ ದಿನಕ್ಕೆ ಸಾವಿರ ಲೀಟರು ನೀರು ಹೊಡೆದು ಅದನ್ನು ಹಳ್ಳಕ್ಕೆ ಬಿಡುವುದಿಲ್ಲ.

ವಾಸನೆಯ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ಕಕ್ಕಸಿನ ಕಣ್ಣುರಿಸುವ ನಾತ ಬಹುಪಾಲು ಹುಟ್ಟುವುದು ಮೂತ್ರವೂ ಮಲವೂ ಬೆರೆತಾಗ. ಮಲದಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಕೂರುವ ಹಲಗೆಯಲ್ಲಿಯೇ ಮುಂದೆ ಮೂತ್ರಕ್ಕೊಂದು ಕಾಲುವೆ, ನಡುವೆ ಮಲಕ್ಕೊಂದು ಕಂಡಿ, ಹಿಂದೆ ತೊಳೆದುಕೊಳ್ಳಲು ಒಂದು ತಗ್ಗು ಹೀಗೆ ಮೂರನ್ನೂ ಬೇರ್ಪಡಿಸಿದರೆ ಆ ಬೆರಕೆಯೇ ನಡೆಯುವುದಿಲ್ಲ. ನೀರಿಲ್ಲದೆ ಶುಚಿಯಾಗುವುದು ಹೇಗೆ ಎಂದು ಕೇಳುವವರು ಗಮನಿಸಬೇಕಾದದ್ದು ಇದು: ತೊಳೆದುಕೊಳ್ಳಲು ಬೇಕಾದ ಒಂದು ಚೊಂಬು ನೀರನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ಅದು ಮಲದ ಮೇಲೆ ಬೀಳದೆ ಪಕ್ಕದ ಗಿಡದ ಪಾತಿಗೆ ಹೋಗುತ್ತದೆ ಅಷ್ಟೆ. ಕಾವೇರಿಯ ದಂಡೆಯಲ್ಲಿರುವ ತಮಿಳುನಾಡಿನ ಮುಸಿರಿಯಲ್ಲಿ ಇಂಥ ಹಲಗೆಗಳ ಸಾರ್ವಜನಿಕ ಶೌಚಾಲಯವೊಂದು ನಡೆಯಿತು, ಬಳಸಿದವರಿಗೇ ಒಂದಿಷ್ಟು ಕಾಸು ಕೊಟ್ಟು ಮೂತ್ರವನ್ನು ಗೊಬ್ಬರವಾಗಿ ಬಳಸಿತು. ನೀರು ಬಳಸುವ ಜನ ಇದಕ್ಕೆ ಒಗ್ಗಲಾರರೆಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಉಳಿದ ವಾಸನೆಗೂ ನೊಣಕ್ಕೂ ಪೀಟರ್ ಮಾರ್ಗನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ರೂಪಿಸಿದ ಗಾಳಿಕೊಳವೆ ಸಾಕು. ಗುಂಡಿಯಿಂದ ಮಾಡಿನ ಮೇಲಕ್ಕೆ ಹೋಗುವ ಕೊಳವೆಯ ಮೇಲೆ ಬೀಸುವ ಗಾಳಿಯೂ ಅದಕ್ಕೆ ತಾಗುವ ಬಿಸಿಲೂ ಒಳಗಿನ ಗಾಳಿಯನ್ನು ಮೇಲಕ್ಕೆಳೆಯುತ್ತವೆ, ಕೋಣೆಯನ್ನು ಮಬ್ಬುಗತ್ತಲೆಯಲ್ಲಿಟ್ಟರೆ ನೊಣಗಳು ಬೆಳಕು ಕಾಣುವ ಕೊಳವೆಯತ್ತಲೇ ಹಾರಿ ತುದಿಯ ಜಾಲರಿಯಲ್ಲಿ ಸಿಕ್ಕಿ ಸಾಯುತ್ತವೆ. ಜಾಲರಿಯೊಂದನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು.

ಒಣ ಶೌಚಾಲಯಕ್ಕೂ ಮಿತಿಗಳಿವೆ, ಅವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಮಾಡಿನ ಸೂರು ಉದ್ದವಾಗಿಲ್ಲದಿದ್ದರೆ ಮಳೆಯ ಎರಚಲು ಒಳಸೇರಿ ಎಲ್ಲವೂ ಕೆಸರಾಗುತ್ತದೆ. ಬೂದಿಯೋ ಹೊಟ್ಟೋ ದರಗೋ ತೀರಿಹೋಗದಂತೆ ತುಂಬಿಡುವವರೊಬ್ಬರು ಬೇಕು. ಬೇರ್ಪಡಿಸಿದ ಮೂತ್ರವನ್ನು ಒಂದೇ ಕಡೆ ಸುರಿದರೆ ಗಿಡ ಸುಟ್ಟುಹೋಗುತ್ತದೆ, ಅದನ್ನು ಹರಡಲು ಪಾತಿ ಮಾಡಬೇಕು. ಆದರೆ ಇವೆಲ್ಲ ಹತ್ತಿರದ ಊರಿನ ಒಬ್ಬರಿಗೆ ನಿಯತ ಸಂಬಳ ಕೊಟ್ಟರೆ ಆಗುವ ಕೆಲಸಗಳು, ಹಸಿ ಮಲಕ್ಕೆ ಕೈಯಿಡದೆ ಆಗುವ ಕೆಲಸಗಳು. ಇದರ ಬದಲು ಸೂಚಿಸಲಾಗುವ ಜೈವಿಕ ಶೌಚಾಲಯವೂ, ಎಂದರೆ ಬ್ಯಾಕ್ಟೀರಿಯಾ ತುಂಬಿದ ತೊಟ್ಟಿಯೂ ನೀರನ್ನೇ ನೆಚ್ಚಿಕೊಂಡದ್ದು, ಶುಚಿಗೊಳಿಸಲೆಂದು ಯಾರಾದರೂ ಒಂದು ಬಾಟಲಿ ಫಿನೈಲು ಸುರಿದರೆ ಅದರ ಜೀವವೇ ಹೋಗುತ್ತದೆ. ತಮ್ಮ ಮಲವನ್ನು ತಾವೇ ಚೀಲದಲ್ಲಿ ಇಳಿಸಿಕೊಂಡು ಬರಬೇಕೆಂದು 2024ರಿಂದ ಎವರೆಸ್ಟಿನಲ್ಲಿ ಬಂದ ನಿಯಮ ಹಿಮದ ನೆಲಕ್ಕೆ ತಕ್ಕದ್ದು. ಅದನ್ನು ಇಲ್ಲಿಗೆ ತರಬೇಕೆನ್ನುವವರು ಆ ಚೀಲವನ್ನು ಕೊನೆಗೆ ಯಾರ ಹೆಗಲಿಗೆ ದಾಟಿಸಲಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು.

ಇಂಥ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಟೈಲ್ಸಿಗೆ, ಬೇಸಿನ್ನಿಗೆ, ನೀರಿನ ತೊಟ್ಟಿಗೆ, ನಾಮಫಲಕಕ್ಕೆ ಸಾಲುಗಳಿದ್ದು ತುಂಬಿದ ಮೇಲೆ ಖಾಲಿ ಮಾಡುವುದಕ್ಕೆ ಒಂದು ಸಾಲೂ ಇಲ್ಲದಿದ್ದರೆ ಆ ಕಟ್ಟಡ ಮೊದಲ ದಿನವೇ ಅಪೂರ್ಣ. ನಕ್ಷೆಯನ್ನು ಹಿಂಬದಿಯಿಂದ ಬರೆಯತೊಡಗಬೇಕು: ನೆಲದಿಂದ ಎತ್ತರದಲ್ಲಿ ಅಕ್ಕಪಕ್ಕ ಎರಡು ಕೋಣೆ, ಒಬ್ಬ ಮನುಷ್ಯ ಬಗ್ಗದೆ ಹೊರಗೇ ನಿಂತು ಸನಿಕೆ ಆಡಿಸುವಷ್ಟು ಅಗಲದ ಬಾಗಿಲು, ಆ ಬಾಗಿಲವರೆಗೆ ಕೈಗಾಡಿ ಬರುವಷ್ಟು ಸಮತಟ್ಟು ದಾರಿ. ಒಂದು ಕೋಣೆ ತುಂಬಿದ ದಿನ ಅದರ ಬಾಗಿಲನ್ನು ಗಾರೆಯಿಂದ ಮುಚ್ಚಿ, ಮುಚ್ಚಿದ ತಿಂಗಳು ಮತ್ತು ಇಸವಿಯನ್ನು, ಅದರ ಕೆಳಗೆ ತೆರೆಯಬಹುದಾದ ತಿಂಗಳು ಮತ್ತು ಇಸವಿಯನ್ನು ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬಣ್ಣದಿಂದ ಬರೆಯಬೇಕು. ಆ ದಿನಾಂಕಕ್ಕೆ ಮೊದಲು ಬಾಗಿಲು ತೆಗೆಯೆಂದು ಯಾರೇ ಹೇಳಿದರೂ ಕೆಲಸದವರು ಆ ಬರಹಕ್ಕೆ ಕೈ ತೋರಿಸಿ ಒಲ್ಲೆನೆನ್ನಬಹುದು.